ಆರರಲ್ಲಿ ನಾಲ್ಕು ಲೋಟ

ಹರಪನಹಳ್ಳಿ
೨೬ ನವೆಂಬರ್ ೨೦೨೩, ಭಾನುವಾರ

ಪ್ರೀತಿಯ ಸುಕನ್ಯಾ,

ಹಡಗಲಿಯಲ್ಲಿ ನೀವೆಲ್ಲ ಆರಾಮವಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಾವಿಬ್ಬರೂ ಇಲ್ಲಿ ಇದ್ದೇವೆ. ಇವರ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ, ದಿನಾ ಬೀಜ–ಗೊಬ್ಬರದ ಅಂಗಡಿಗೆ ಹೋಗಿ ಕೂತು ಬರುತ್ತಾರೆ.

ಹೊನ್ನಾವರದಿಂದ ಬಂದು ಹದಿನಾರು ದಿನವಾಯಿತು. ನೀನು ಎರಡು ಸಲ ಫೋನ್ ಮಾಡಿ, "ಅಕ್ಕಾ, ಏನೇನು ನೋಡಿದ್ರಿ, ಎಲ್ಲಿ ಉಂಡ್ರಿ, ಎಲ್ಲಾ ಬರದು ಕಳಸು. ಡಿಸೆಂಬರ್‌ದಾಗ ನಮ್ಮ ಸಂಘದ ಹೆಣ್ಮಕ್ಕಳೆಲ್ಲ ಗಾಡಿ ಮಾಡ್ಕೊಂಡು ಅಲ್ಲಿಗೇ ಹೊಂಟೀವಿ" ಎಂದೆ. ಎರಡು ಸಲವೂ ಆಯಿತು ಎಂದು ಹೇಳಿ ಬರೆಯಲಿಲ್ಲ. ತಪ್ಪು ನನ್ನದೇ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಸುತ್ತ ಕೂತು ಹೂವು ಕಟ್ಟುವವರೆಲ್ಲ ಕೇಳುತ್ತಿರುತ್ತಾರೆ.

ಯುಗಾದಿಗೆ ಬಂದಾಗ ನೀನು ಇನ್ನೊಂದು ಪ್ರಶ್ನೆ ಕೇಳಿದ್ದೆ. ನಮ್ಮ ಗೃಹಪ್ರವೇಶಕ್ಕೆ ನಿನ್ನ ಹೆಸರು ಕೊರೆಸಿ ಕೊಟ್ಟ ಆರು ಸ್ಟೀಲ್ ಲೋಟಗಳಲ್ಲಿ ನಾಲ್ಕೇ ಯಾಕಿವೆ ಎಂದು. ಯಾವುದೋ ಕಾರ್ಯದಲ್ಲಿ ಕಳೆದುಹೋದವು ಎಂದಿದ್ದೆ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಊರು ನೋಡುವ ವಿಷಯ.

ನಮ್ಮ ಅಳಿಯ, ಭೂಮಿಕಾಳ ಗಂಡ ಗಜಾನನ ಶರಾವತಿಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿ ಇಟ್ಟಿದ್ದಾನಲ್ಲ, ಗಿರಾಕಿಗಳಿಗೆ ಕೊಡಲು 'ನೋಡಬೇಕಾದ ಸ್ಥಳಗಳು' ಎಂದು ಒಂದು ಹಾಳೆ ಅಚ್ಚು ಹಾಕಿಸಿದ್ದಾನೆ. ಬಸ್ಸಿನಿಂದ ಇಳಿದ ಕೂಡಲೇ ನಮ್ಮ ಕೈಗೂ ಅದನ್ನೇ ಕೊಟ್ಟ. ಅದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನಾವು ನೋಡಿದವುಗಳ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ನಾವು ಹೋದದ್ದು ಊರು ನೋಡಲಿಕ್ಕಲ್ಲ ಎಂಬುದು ನಿನಗೆ ಗೊತ್ತು. ಭೂಮಿಕಾಗೆ ಐದು ತಿಂಗಳು ತುಂಬಿತ್ತು. ಅವಳ ಮನೆಯಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಹೆರಿಗೆಗೆ ಯಾವಾಗ ಕರೆದುಕೊಂಡು ಬರಬೇಕೆಂದು ಬೀಗತಿಯ ಹತ್ತಿರ ಮಾತಾಡಿ ಬರಲು ಹೋಗಿದ್ದೆವು. ಅವಳು ಅಲ್ಲಿ ಶಾಲೆಯ ಕೆಲಸಕ್ಕೆ ಸೇರಿ, ಅಲ್ಲಿಯವನನ್ನೇ ಮದುವೆಯಾಗಿ ನಾಲ್ಕು ವರ್ಷ. ಆ ಮನೆಯ ಹೊಸ್ತಿಲನ್ನು ನಾನು ತುಳಿದಿರಲಿಲ್ಲ. ಮೀನು ಬೇಯಿಸುವ ಮನೆ ಎಂದು ನಾನೇ ಹಿಂದೆ ಸರಿದಿದ್ದೆ. ಈ ಸಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ದಾರಿ ಹೀಗೆ: ಹಾವೇರಿಯಲ್ಲಿ ಬಸ್ಸು ಬದಲಿಸಿ, ಶಿರಸಿಯ ಮೇಲೆ ಹಾದು, ದೇವಿಮನೆ ಘಾಟಿ ಇಳಿದು ಕುಮಟಾ, ಅಲ್ಲಿಂದ ಹೊನ್ನಾವರ. ಘಾಟಿಯಲ್ಲಿ ತಿರುವು ಬಹಳ, ವಾಂತಿಯಾಗುವವರು ನಿಂಬೆಹಣ್ಣು ಇಟ್ಟುಕೊಳ್ಳಲಿ. ಕಾಡು ಎರಡೂ ಕಡೆ ಒತ್ತಿಕೊಂಡು ನಿಂತಿದೆ. ಇವರು ಕಿಟಕಿಯಿಂದ ನೋಡಿ, "ಇಷ್ಟು ಹಸರು ಒಂದೇ ಕಡಿ ಯಾಕ ಸುರುವ್ಯಾನ ದೇವರು" ಎಂದು ಸಿಟ್ಟಾದರು.

ನನ್ನ ಚೀಲದಲ್ಲಿ ಸೀರೆ, ಖಣ, ಹಸಿರು ಬಳೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕೊಬ್ಬರಿ ಬಟ್ಟಲು ಇದ್ದವು. ಎಲ್ಲಕ್ಕಿಂತ ಮೇಲೆ ನೀನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟ ಮಲ್ಲಿಗೆ ಮೊಗ್ಗಿನ ಮಾಲೆ. ಒದ್ದೆ ಬಟ್ಟೆಯನ್ನು ದಾರಿಯಲ್ಲಿ ಮೂರು ಸಲ ಬದಲಿಸಿದೆ.

ಭೂಮಿಕಾ ನಮ್ಮನ್ನು ಬಸ್ ನಿಲ್ದಾಣದಿಂದ ನೇರ ಲಾಡ್ಜಿಗೆ ಕರೆದೊಯ್ದಳು. "ಮನಿ ಸಣ್ಣದೈತಿ ಅವ್ವ. ಬಚ್ಚಲ ಹೊರಗೈತಿ, ಅಪ್ಪಗ ರಾತ್ರಿ ನಾಕು ಸಲ ಏಳಬೇಕು. ಇಲ್ಲಿ ಆರಾಮ ಇರ್ರಿ" ಎಂದಳು. ನಿಜ ಹೇಳಬೇಕೆಂದರೆ ನನಗೂ ಆಗ ನಿರಾಳವಾಯಿತು. ಮಲಗುವುದು ಇಲ್ಲಿ, ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗಿ ಕಾರ್ಯ ಮುಗಿಸುವುದು ಎಂದುಕೊಂಡೆ. ಲಾಡ್ಜು ಸ್ವಚ್ಛವಾಗಿದೆ, ಕೆಳಗೆ ಸಸ್ಯಾಹಾರಿ ಹೋಟೆಲಿದೆ. ನಿಮಗೂ ಅದೇ ಸರಿಹೋಗುತ್ತದೆ. ರೊಟ್ಟಿ ಮಾತ್ರ ಕೇಳಬೇಡಿ.

ಮರುದಿನ ಬೆಳಿಗ್ಗೆ ಗಜಾನನ ಕಾರು ತಂದು ನಿಲ್ಲಿಸಿದ. "ಅತ್ತೆ, ಇವತ್ತು ಮಿರ್ಜಾನ್ ಕೋಟೆ, ಸಂಜೆ ಸಮುದ್ರ" ಎಂದ. ಒಳ್ಳೆಯ ಹುಡುಗ, ಮಾತು ಮೆದು. ಕಾರಿನ ಬಾಗಿಲು ತೆಗೆದು ಹಿಡಿಯುತ್ತಾನೆ, ನೀರಿನ ಬಾಟಲಿ ಕೈಗೆ ಕೊಡುತ್ತಾನೆ, ಪ್ರವಾಸಿಗರಿಗೆ ಹೇಗೋ ಹಾಗೆ.

ಮಿರ್ಜಾನ್ ಕೋಟೆ ಕೆಂಪು ಕಲ್ಲಿನದು. ಗೋಡೆಗಳ ಮೇಲೆ ಹುಲ್ಲು, ಪಾಚಿ. ಬೆಳಿಗ್ಗೆಯೇ ಹೋಗಿ, ಆಮೇಲೆ ಶಾಲೆಯ ಮಕ್ಕಳ ಬಸ್ಸುಗಳು ಬರುತ್ತವೆ. ಉಚ್ಚಂಗಿದುರ್ಗ ಹತ್ತಿದವರಿಗೆ ಇದು ಏನೂ ಅಲ್ಲ. ಇವರು ಅದನ್ನು ಅಲ್ಲಿದ್ದ ಕಾವಲುಗಾರನಿಗೂ ಹೇಳಿದರು. ಭೂಮಿಕಾ ಕೆಳಗೆ ಮರದ ನೆರಳಿನಲ್ಲಿ ಕೂತಳು. ನಾನು ಕೋಟೆಯ ಮೇಲಿನಿಂದ ನದಿ ನೋಡಬೇಕಿತ್ತು, ಅವಳ ಹಳದಿ ಸೆರಗು ಎಲ್ಲಿದೆ ಎಂದು ನೋಡುತ್ತಿದ್ದೆ.

ಸಂಜೆ ಹೊನ್ನಾವರದ ಪಕ್ಕದ ಕಾಸರಕೋಡಿನ ಕಡಲತೀರ. ಸಾಲು ಗಾಳಿಮರಗಳಿವೆ, ಮಕ್ಕಳಿಗೆ ಜೋಕಾಲಿ ಇದೆ, ಮರಳು ಗಟ್ಟಿಯಾಗಿದ್ದು ನಡೆಯಲು ಸುಲಭ. ನಾನು ಓದಿದ ಅನುವಾದದ ಕಾದಂಬರಿಗಳಲ್ಲಿ ಜನ ಮೊದಲ ಸಲ ಸಮುದ್ರ ನೋಡಿದಾಗ ಸುಮ್ಮನಾಗುತ್ತಾರೆ. ಇವರು ಸುಮ್ಮನಾಗಲಿಲ್ಲ. "ಇಷ್ಟು ನೀರು ಇಟಗೊಂಡು ಒಂದೆಕ್ರಿ ಶೇಂಗಾಕ್ಕ ಉಪಯೋಗಿಲ್ಲಲ್ಲೋ ಗಜಾನನ" ಎಂದರು. ಅವನು ನಕ್ಕ. ನಾನು ಭೂಮಿಕಾಳನ್ನು ಕೇಳಿದೆ: "ನಾಳಿ ಮನಿಗೆ ಹೋಗೂಣೇನವ್ವ? ಹೂವು ಬಾಡಾಕತ್ಯಾವ."

"ನಾಳಿ ಯಾಣ ಐತಿ ಅವ್ವ. ಕಾರಿಗೆ ಹೇಳಿಬಿಟ್ಟೀವಿ."

ಯಾಣಕ್ಕೆ ತಪ್ಪದೇ ಹೋಗಿ. ಕಾಡಿನ ನಡುವೆ ಎರಡು ಕರಿ ಬಂಡೆಗಳು, ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುತ್ತದೆ. ಕೆಳಗೆ ಭೈರವೇಶ್ವರನ ಗುಡಿ. ಮೆಟ್ಟಿಲು ಬಹಳ, ಚಪ್ಪಲಿ ಜಾರದಂಥವು ಇರಲಿ. ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತುತ್ತದೆ ಎಂದು ಹೆದರಿಸುತ್ತಾರೆ. ನಮಗೆ ಹತ್ತಲಿಲ್ಲ. ನಾನು ಒಂದು ಕಡೆಯೂ ಕೂರದೆ ಹತ್ತಿ ಇಳಿದೆ. ಇದನ್ನು ನೆನಪಿಟ್ಟುಕೋ. ಭೂಮಿಕಾ ಆ ದಿನವೂ ಕಾರಿನಲ್ಲೇ ಉಳಿದಳು. ಬಂಡೆಯ ಸೀಳಿನೊಳಗೆ ನಿಂತಾಗ ಇವರು, "ಮಗಳು ನಮ್ಮನ್ನ ಭಾಳ ಚಲೋ ನೋಡ್ಕೊಳ್ಳಾಕತ್ಯಾಳಲೇ" ಎಂದರು. ಗಂಡಸರಿಗೆ ಎಷ್ಟು ಸುಲಭ.

ರೂಮಿಗೆ ಬಂದು ಎಲೆ ಬಿಚ್ಚಿದರೆ ನಿನ್ನ ಮಲ್ಲಿಗೆಯ ತುದಿ ಕಂದಾಗಿತ್ತು. ನನಗೆ ತಡೆಯಲಾಗಲಿಲ್ಲ. "ಇವತ್ತು ಬೀಗತಿ ಮನ್ಯಾಗ ಅದಾರೋ ಇಲ್ಲೋ? ನಾ ಈಗಿಂದೀಗ ಬರ್ತೀನಿ, ನಡಿ" ಎಂದೆ. ಭೂಮಿಕಾ ಮಂಚದ ಮೇಲೆ ಕೂತಳು. ಸೆರಗು ಮುಂದೆ ಹಿಡಿದು, "ಇಲ್ಲೇ ತುಂಬು ಅವ್ವ" ಎಂದಳು.

ಲಾಡ್ಜಿನ ರೂಮಿನಲ್ಲಿ, ಫ್ಯಾನಿನ ಕೆಳಗೆ, ಗೋಡೆಗೆ ಅಂಟಿಸಿದ ಹೊರಡುವ ಸಮಯದ ಸೂಚನೆಯ ಎದುರು, ನಾನು ಮಗಳ ಕುಬಸ ಮಾಡಿದೆ. ಮುತ್ತೈದೆಯರು ಐದು ಜನ ಬೇಕು. ಇದ್ದವಳು ನಾನೊಬ್ಬಳು. ಇವರು ಬಾಗಿಲ ಹೊರಗೆ ನಿಂತರು. ಫ್ಯಾನಿನ ಗಾಳಿಗೆ ಆರತಿ ಎರಡು ಸಲ ಆರಿತು. ಭೂಮಿಕಾ ಎದ್ದು ಫ್ಯಾನು ನಿಲ್ಲಿಸಿದಳು. ಬಳೆ ಇಡುವಾಗ ಅವಳ ಕೈ ನನ್ನ ಕೈಯಲ್ಲಿತ್ತು. ಎರಡು ಬಳೆ ಒಡೆದವು. ನಾನು ಒತ್ತಿ ಹಿಡಿದಿದ್ದೆ ಅನಿಸುತ್ತದೆ. ಕಂದಿದ ಹೂವು ಕಿತ್ತು ಉಳಿದ ಗೇಣುದ್ದ ಮಾಲೆ ಮುಡಿಸಿದೆ. "ಹಡಗಲಿ ಚಿಗವ್ವನ ಹೂವಾ?" ಎಂದು ಕೇಳಿದಳು, ಮೂಸಿದಳು. ಅಷ್ಟೇ ಅವಳು ನನ್ನ ಮಗಳಾಗಿ ಆಡಿದ ಮಾತು.

ಗುರುವಾರ ಕಾಂಡ್ಲಾ ಕಾಡಿನ ಮರದ ಸೇತುವೆ. ಇದು ನಿಮ್ಮ ಹೆಂಗಸರಿಗೆಲ್ಲ ಇಷ್ಟವಾಗುತ್ತದೆ. ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ ಗಿಡಗಳ ನಡುವೆ ಹಲಗೆ ಹಾಸಿದ್ದಾರೆ, ಏರು ಇಳಿತ ಇಲ್ಲ, ಭೂಮಿಕಾಳೂ ಬಂದಳು. ಮುಂದೆ ಇವರು ಮತ್ತು ಗಜಾನನ, ಹಿಂದೆ ನಾವಿಬ್ಬರು. ನಾನು ಕೇಳಿದೆ: "ಏಳು ತುಂಬಿದ ಮ್ಯಾಲ ಬಂದು ಕರಕೊಂಡು ಹೋಗ್ತೀವಿ. ರಜಾ ಬರದು ಕೊಡು."

"ಈ ಬೇರು ನೋಡು ಅವ್ವ. ಕೆಸರಿನ್ಯಾಗಿಂದ ಮ್ಯಾಲಕ್ಕ ಬಂದು ಉಸರಾಡ್ತಾವ."

"ಬೇರು ಆಮ್ಯಾಲ ನೋಡೂಣು. ನಾ ಕೇಳಿದ್ದಕ್ಕ ಹೇಳು."

ಅವಳು ಕಂಬಿ ಹಿಡಿದು ನಿಂತಳು. "ಇಲ್ಲೇ ಆಗ್ಲಿ. ಅತ್ತಿ ನೋಡ್ಕೊಂತಾರ."

"ಮೊದಲನೇ ಹೆರಿಗಿ ತವರಮನ್ಯಾಗ ಆಗದ ಇನ್ನೆಲ್ಲಿ ಆಗ್ತೈತಿ? ಜನ ನನಗ ಏನಂತಾರ? ಅಲ್ಲದ ಬಾಣಂತಿ ಅವರ ಕೈಯಾಗಿನ ಊಟ ಉಂಡು..." ಎಂದೆ, ಮುಂದಿನದು ನುಂಗಿಕೊಂಡೆ.

"ನಾಕು ವರ್ಷದಿಂದ ಅದನ್ನ ಉಣ್ಣಾಕತ್ತೀನವ್ವ. ದಪ್ಪಗಾಗೀನಿ, ನೋಡು" ಎಂದಳು. ನಕ್ಕಳು. ಆಮೇಲೆ ನಗು ಬಿಟ್ಟು ಒಂದು ಪ್ರಶ್ನೆ ಕೇಳಿದಳು. ಅದನ್ನೂ ಕೊನೆಗೆ ಬರೆಯುತ್ತೇನೆ. ಗಜಾನನ ಅಷ್ಟರಲ್ಲಿ ಹಿಂದೆ ತಿರುಗಿ, "ಅತ್ತೆ, ಅಲ್ಲಿ ನೋಡಿ, ಮಿಂಚುಳ್ಳಿ" ಎಂದು ಕೂಗಿದ. ನೋಡಿದೆ. ನೀಲಿ ಹಕ್ಕಿ.

ಮಧ್ಯಾಹ್ನ ಅವನ ದೋಣಿಯಲ್ಲಿ ಒಂದು ತಾಸು ಸುತ್ತಿದೆವು. ಅಳಿವೆಯಲ್ಲಿ ನದಿ ಸಮುದ್ರ ಸೇರುವುದನ್ನು ತೋರಿಸಿದ. ನಡುಗಡ್ಡೆಯ ತೆಂಗಿನ ತೋಟ, ರೈಲಿನ ಸೇತುವೆ, ಬಲೆ ಒಣಹಾಕಿದ ದಂಡೆ, ಎಲ್ಲ ತೋರಿಸಿದ. ಇವರು ದೂರದ ಹಂಚಿನ ಮನೆಗಳ ಕಡೆ ಕೈ ಮಾಡಿ, "ನಿಮ್ಮ ಮನಿ ಯಾವುದೋ?" ಎಂದರು. ಗಜಾನನ ಬಾಯಿ ತೆರೆದ. ಭೂಮಿಕಾ, "ಇಲ್ಲಿಂದ ಕಾಣಲ್ಲಪ್ಪ" ಎಂದಳು. ಅವನು ದೋಣಿ ತಿರುಗಿಸಿದ.

ಹೀಗೆ ಮೂರು ದಿನ, ಹಾಳೆಯಲ್ಲಿದ್ದ ಏಳರಲ್ಲಿ ಐದು ಸ್ಥಳ. ಅಪ್ಸರಕೊಂಡ ಮತ್ತು ಗೋಕರ್ಣ ಉಳಿದವು. ಶುಕ್ರವಾರ ಬಸ್ಸು ಹತ್ತಿಸುವಾಗ ಭೂಮಿಕಾ ಇವರ ಕಾಲಿಗೆ ಬಿದ್ದಳು, ನನ್ನ ಕಾಲಿಗೂ ಬಿದ್ದಳು. "ಮತ್ತ ಬರ್ರಿ" ಎಂದಳು. ಯಾರ ಮನೆಗೆ ಎಂದು ಕೇಳಬೇಕೆನಿಸಿತು. ದೀಪಾವಳಿಗೆ ಓಣಿಯವರೆಲ್ಲ ಬಂದು, "ಮಗಳ ಮನಿ ಹೆಂಗೈತ್ರಿ ಟೀಚರ್ರೆ?" ಎಂದರು. "ಚಲೋ ಐತಿ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದವಳು.

ನಿಮ್ಮ ಗುಂಪಿಗೆ ಮೂರು ದಿನ ಸಾಕು. ಕೊಡೆ ಒಯ್ಯಿರಿ, ಬಿಸಿಲಿಗೆ. ಭೂಮಿಕಾಗೆ ಫೋನು ಮಾಡಿದರೆ ಗಜಾನನ ದೋಣಿ ಕೊಡುತ್ತಾನೆ, ಎಲ್ಲವನ್ನೂ ಚೆನ್ನಾಗಿ ತೋರಿಸುತ್ತಾನೆ. ಮನೆಗೆ ಬರುತ್ತೇವೆ ಎಂದು ಮಾತ್ರ ನೀನಾಗಿ ಅನ್ನಬೇಡ. ಕರೆದರೆ ಹೋಗು, ಕೊಟ್ಟದ್ದನ್ನು ಉಣ್ಣು.

ನಿನ್ನ ಸೊಸೆಗೂ ಮಗನಿಗೂ ನನ್ನ ಆಶೀರ್ವಾದ ಹೇಳು. ಕೊಟ್ಟೂರಪ್ಪ ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಗುರುಬಸಮ್ಮ

ಮರೆತದ್ದು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಓದಿದ ಮೇಲೆ ಈ ಪುಟವನ್ನು ಹರಿದುಹಾಕು. ಇವರಿಗೂ ಇದು ಗೊತ್ತಿಲ್ಲ.

ಮದುವೆಯ ಮಾತಿಗೆಂದು ಗಜಾನನ ಮತ್ತು ಅವನ ತಾಯಿ ಮಾದೇವಿ ಒಮ್ಮೆ ನಮ್ಮ ಮನೆಗೆ ಬಂದಿದ್ದರು. ನಿನ್ನ ಲೋಟಗಳಲ್ಲೇ ಚಹಾ ಕೊಟ್ಟೆ. ಅವರು ಹೋದ ಮೇಲೆ ಆ ಎರಡು ಲೋಟಗಳನ್ನು ಉಳಿದ ಪಾತ್ರೆಗಳ ಜೊತೆ ಹಾಕಲಿಲ್ಲ. ಬಟ್ಟೆಯಲ್ಲಿ ಹಿಡಿದು ಹಿತ್ತಲ ಗೋಡೆಯ ಮೇಲಿಟ್ಟೆ. ಭೂಮಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಲೋಟಗಳು ಇರಲಿಲ್ಲ. ಯಾರೋ ಒಯ್ದರು, ಪೀಡೆ ಹೋಯಿತು ಎಂದುಕೊಂಡೆ.

ಮರದ ಸೇತುವೆಯ ಮೇಲೆ ಅವಳು ಕೇಳಿದ್ದು ಇದು: "ಕೂಸು ನೋಡಾಕ ಅತ್ತಿ ಹರಪನಹಳ್ಳಿಗೆ ಬಂದ್ರ, ಅವರಿಗೆ ಚಾ ಯಾತ್ರಾಗ ಕೊಡ್ತಿ ಅವ್ವ?"

ಶುಕ್ರವಾರ ಬೆಳಿಗ್ಗೆ ಅವಳು ಇವರನ್ನು ಕರೆದುಕೊಂಡು ಗೋಡಂಬಿ ಕೊಳ್ಳಲು ಪೇಟೆಗೆ ಹೋದಳು. ನಾನು ತಲೆನೋವೆಂದು ರೂಮಿನಲ್ಲಿ ಉಳಿದು, ಅವರು ಮರೆಯಾದ ಮೇಲೆ ಆಟೋ ಹತ್ತಿದೆ. ವಿಳಾಸ ಬಾಯಿಪಾಠವಿತ್ತು. ನಾಲ್ಕು ವರ್ಷ ಚಟ್ನಿಪುಡಿಯ ಪಾರ್ಸಲಿನ ಮೇಲೆ ನಾನೇ ಬರೆದದ್ದು.

ಮನೆ ಸಣ್ಣದಲ್ಲ. ಬಚ್ಚಲು ಒಳಗೇ ಇದೆ. ಜಗಲಿಗೆ ಎರಡೇ ಮೆಟ್ಟಿಲು. ಮಾದೇವಿ ಅಂಗಳ ಗುಡಿಸುತ್ತಿದ್ದವರು ಕಸಬರಿಗೆ ಬಿಟ್ಟು ಓಡಿ ಬಂದರು. "ಅಯ್ಯೋ, ಬನ್ನಿ ಒಳಗೆ. ಎಂತಕೆ ಅಲ್ಲೇ ನಿತ್ರಿ? ಮಂಡಿನೋವು ಕಮ್ಮಿ ಆಯ್ತಾ? ಮೆಟ್ಲು ಹತ್ತೂಕೆ ಆಗೂದಿಲ್ಲ, ಅದ್ಕೇ ಅಮ್ಮ ಮನೆಗೆ ಬರೂದಿಲ್ಲ ಅಂದ್ಲು ಭೂಮಿಕಾ."

ನಾನು ಯಾಣ ಹತ್ತಿದ ಮರುದಿನದ ಮರುದಿನ.

ಒಳಗೆ ಕೂರಿಸಿ ನೀರು ತಂದರು. ಲೋಟ ಹಿಡಿದಾಗ ಬೆರಳಿಗೆ ನಿನ್ನ ಹೆಸರು ತಗುಲಿತು. ನಾನು ಅದನ್ನೇ ನೋಡುತ್ತಿದ್ದೆ. ಮಾದೇವಿ ಬೇರೆ ತಿಳಿದುಕೊಂಡರು. "ಹೆದ್ರಬೇಡಿ, ಕುಡೀರಿ. ಅದು ನಿಮ್ಮನೇದೇ. ನಾವು ಯಾರೂ ಬಾಯಿ ಇಟ್ಟದ್ದಿಲ್ಲ. ಅಪ್ಪ ಅಮ್ಮ ಬಂದ್ರೆ ಅವರಿಗೇ ಅಂತ ಭೂಮಿಕಾ ಬೇರೆ ತೆಗೆದಿಟ್ಟಿದ್ದಾಳೆ" ಎಂದರು. ಅವರ ಮುಖದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೂರ್ತಿ ಕುಡಿದೆ. ನಾನು ಬಂದದ್ದು ಭೂಮಿಕಾಗೆ ಹೇಳಬೇಡಿ ಎಂದು ಕೇಳಿಕೊಂಡೆ. ಮಾದೇವಿ ಲೋಟ ತೊಳೆದರು, ಒರೆಸಿದರು. ಉಳಿದ ಪಾತ್ರೆಗಳ ಜೊತೆ ಹಾಕಲಿಲ್ಲ. ಗೋಡೆಯ ಮೇಲಿನ ಗೂಡಿನಲ್ಲಿ ಒಂದು ಬಿಳಿ ಬಟ್ಟೆ ಹಾಸಿತ್ತು, ಅದರ ಮೇಲೆ ಬೋರಲು ಹಾಕಿದರು. ಪಕ್ಕದಲ್ಲಿ ಇನ್ನೊಂದು ಇತ್ತು. ಅದು ಇವರಿಗಂತೆ.