ಶನಿವಾರದ ನಿದ್ದೆ

೨೫ ನವೆಂಬರ್ ೧೯೫೦, ಶನಿವಾರ

ಮತ್ತೆ ಎಚ್ಚರ. ಇವತ್ತು ಕೂಸು ಎಬ್ಬಿಸಿದ್ದಲ್ಲ, ನಾನೇ ಎದ್ದು ಕೂತಿದ್ದೇನೆ. ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರಿದೆ. ಇನ್ನೊಮ್ಮೆ ನೋಡಿದೆ.

ತವರು ಸಿರುಗುಪ್ಪದಲ್ಲಿ ಬಾಣಂತನ ಮುಗಿಸಿ ಬಂದ ಮೇಲೆ ಇವತ್ತೇ ಮೊದಲು ಕ್ಲಬ್ಬಿಗೆ ಹೋದದ್ದು. ಕಂಟೋನ್ಮೆಂಟಿನ ಹಳೇ ಬಂಗಲೆ. ದೊರೆಗಳು ಹೋದರು, ಅವರ ಪಿಯಾನೊ ಉಳಿದಿದೆ. ಬಾರಿಸಿದರೆ ಅರ್ಧಕ್ಕರ್ಧ ದನಿ ಹೊರಡುವುದಿಲ್ಲ. ಚಳಿಗಾಲ ಮುಗಿಯುವತನಕ ಶನಿವಾರ ಫ್ಯಾಮಿಲಿ ನೈಟ್ ಅಂತೆ. ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಬ್ಯಾಡ್ಮಿಂಟನ್, ಆಮೇಲೆ ಚೀಟಿಯಲ್ಲಿ ಅಂಕಿ ಹೊಡೆಯುವ ಹೌಸಿ ಆಟ, ಆಮೇಲೆ ಊಟ. ಪ್ರೊಹಿಬಿಷನ್ ನೋಡಿ, ಕುಡಿಯುವಂತಿಲ್ಲ — ಆ ಚಳಿಯಲ್ಲೂ ಎಲ್ಲರ ಕೈಯಲ್ಲಿ ಲಿಂಬೆ ಶರಬತ್ತು. ಹೋಗಲೇಬೇಕು ಎಂಬುದು ಇವರ ಹಟ. ಮುನ್ಸೀಫರು ಬರುತ್ತಾರೆ, ಹೊಸ ವಕೀಲರನ್ನು ನಾಲ್ಕು ಜನ ನೋಡಬೇಕು, ಹೆಂಡತಿ ಬಿ.ಎ. ಎಂದು ತಿಳಿಯಬೇಕು.

ಏನು ಮಾತಾಡಿದೆನೋ. ಕಿವಿಯೆಲ್ಲ ಮನೆಯ ಕಡೆ. ಕೂಸು ಅತ್ತು ಅತ್ತು ಅತ್ತೆಯನ್ನು ಸುಸ್ತು ಮಾಡಿರುತ್ತದೆ ಎಂದುಕೊಂಡೇ ಜಟಕಾ ಇಳಿದೆ. ಮನೆ ಶಾಂತ. ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ನನ್ನ ಕೂಸು ಅಂಬಮ್ಮ ತೊಟ್ಟಿಲಲ್ಲಿ ಕಲ್ಲಿನಂತೆ ನಿದ್ದೆ.

ಹುಟ್ಟಿದಾಗಿನಿಂದ ಹೀಗೆ ಮಲಗಿದವಳಲ್ಲ.

೨೮ ನವೆಂಬರ್

ರಾತ್ರಿಯಿಡೀ ಅಳು. ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗಿದೆ. ಇವರು ಹಾಸಿಗೆ ಸುತ್ತಿಕೊಂಡು ಆಫೀಸು ಕೋಣೆಗೆ ಹೋದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು — ಮೊಲೆಯಾಗ ಹಾಲು ಐತಿಲ್ಲೋ? ಇದೆ. ಇದ್ದರೂ ಅಳುತ್ತಾಳೆ. ಶನಿವಾರ ಅವರು ಹೇಗೆ ಮಲಗಿಸಿದರು?

ಕೇಳಿದೆ. ನಕ್ಕರು.

೩ ಡಿಸೆಂಬರ್

ನಿನ್ನೆ ಮತ್ತೆ ಕ್ಲಬ್. ಹೌಸಿಯಲ್ಲಿ ಪೌಡರ್ ಡಬ್ಬಿ ಗೆದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೋ ಅಷ್ಟರಲ್ಲಿ ಹಾಲಿಳಿದು ಕುಪ್ಪಸ ಒದ್ದೆ. ಶಾಲು ಬಿಗಿಯಾಗಿ ಹೊದ್ದುಕೊಂಡು ನಿಂತೆ. ಬರುವಾಗ ಇವರು ಕೌಲ್ ಬಜಾರಿನಲ್ಲಿ ಜಟಕಾ ನಿಲ್ಲಿಸಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಕೊಡಿಸಿದರು. ಜಟಕಾದಲ್ಲೇ ಕೂತು ತಿಂದೆವು. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಎಷ್ಟು ದಿನವಾಗಿತ್ತು.

ಮನೆಗೆ ಬಂದರೆ ಕೂಸು ನಿದ್ದೆ. ಬೆಳಗಿನತನಕ.

೬ ಡಿಸೆಂಬರ್

ಯೋಚಿಸಿದೆ. ಅನಂತಪುರದ ಕಾಲೇಜಿನಲ್ಲಿ ಲಾಜಿಕ್ ನನಗೆ ಬಹಳ ಇಷ್ಟ. ಒಂದಿದ್ದಾಗ ಇನ್ನೊಂದು ಇದ್ದು, ಅದಿಲ್ಲದಾಗ ಇದೂ ಇಲ್ಲದಿದ್ದರೆ ಮೊದಲನೆಯದೇ ಕಾರಣ. ನಾನಿದ್ದರೆ ಅಳುತ್ತಾಳೆ. ನಾನಿಲ್ಲದಿದ್ದರೆ ಮಲಗುತ್ತಾಳೆ.

ಬರೆದದ್ದನ್ನು ಓದಿ ಪುಸ್ತಕ ಮುಚ್ಚಿಟ್ಟೆ.

ಅತ್ತೆಗೆ ಹೇಳಿದೆ. ಅವರೇನೂ ಆಶ್ಚರ್ಯಪಡಲಿಲ್ಲ. “ತಾಯಿ ಮೈವಾಸನಿ ಬಡದ್ರ ಕೂಸು ಹಟಾ ಮಾಡ್ತಾವು. ನೀ ಹೋಗಿ ಬಾ ತಂಗಿ, ನಾ ಅದೀನಲ್ಲ” ಎಂದರು. ಕುರುಗೋಡಿನಲ್ಲಿ ಹೊಲ ನೋಡುತ್ತಲೇ ಐದು ಮಕ್ಕಳನ್ನು ಬೆಳೆಸಿದವರು. ನನಗೇನು ಗೊತ್ತು?

ಬುಧವಾರ ಹೆಂಗಸರಿಗೆ ಬ್ಯಾಡ್ಮಿಂಟನ್ ಇದೆಯಂತೆ. ಅದಕ್ಕೂ ಹೋಗುವುದೆಂದು ನಿಶ್ಚಯಿಸಿದೆ. ಕೂಸಿಗಾಗಿ. ಕೂಸಿಗಾಗಿಯೇ? ಗೊತ್ತಾಗುತ್ತಿಲ್ಲ.

೧೮ ಡಿಸೆಂಬರ್

ಬರೆಯಲು ಆಗಿರಲಿಲ್ಲ. ಬುಧವಾರ ಹೋದೆ, ಶನಿವಾರ ಹೋದೆ, ನಿನ್ನೆ ಮುನ್ಸೀಫರ ಮನೆಯಲ್ಲಿ ಟೀ. ಇವರಿಗೆ ಖುಷಿ. ಎರಡು ಕೇಸು ಬಂದವು, ನನ್ನ ಇಂಗ್ಲಿಷಿನಿಂದಲೇ ಎನ್ನುತ್ತಾರೆ.

ಕೂಸು ಅಳುವುದು ಕಡಿಮೆಯಾಗಿದೆ. ಆದರೆ ನಗುವುದೂ ಕಡಿಮೆ. ಮೊಲೆ ಹಿಡಿದು ಎರಡು ಸಲ ಚೀಪಿ ಬಿಟ್ಟುಬಿಡುತ್ತಾಳೆ. ಹೊಟ್ಟೆ ಬಿಗಿದಿದೆ. ಬಿಸಿಲಿಗೆ ಹಿಡಿಯದಿದ್ದರೂ ಕಣ್ಣಿನ ಪಾಪೆ ಸೂಜಿಮೊನೆಯಷ್ಟೇ ಕಾಣುತ್ತದೆ. ನನ್ನನ್ನು ನೋಡುತ್ತಾಳೋ, ನನ್ನ ಹಿಂದಿನ ಗೋಡೆಯನ್ನೋ...

ಇದ್ದರೆ ಅಳುತ್ತಾಳೆ, ಹೋದರೆ ಸೊರಗುತ್ತಾಳೆ. ಯಾವ ಲಾಜಿಕ್?

೨೪ ಡಿಸೆಂಬರ್, ಬೆಳಗಿನ ಜಾವ

ಬರೆದಿಡುತ್ತೇನೆ.

ನಿನ್ನೆ ಕ್ಲಬ್ಬಿನ ಹುಲ್ಲಿನ ಮೇಲೆ ಬೆಳದಿಂಗಳೂಟ. ಮನೆಗೊಂದು ಅಡಿಗೆ, ನಮ್ಮದು ಎಣ್ಣೆಗಾಯಿ. ಊಟಕ್ಕೆ ಮುಂಚೆಯೇ ಎದೆ ಕಲ್ಲಾಗಿ ನೋವು ತಾಳಲಾರದೆ ಒಬ್ಬಳೇ ಜಟಕಾದಲ್ಲಿ ಬಂದೆ. ಸಂಜೆ ಇನ್ನೂ ಪೂರ್ತಿ ಕಳೆದಿರಲಿಲ್ಲ. ಬಾಗಿಲು ಮುಂದಕ್ಕೆ ಹಾಕಿತ್ತು, ಅಷ್ಟೆ. ಒಳಗೆ ಅಂಬಮ್ಮನ ಅಳು. ಅತ್ತೆ ದೀಪದ ಕೆಳಗೆ ಸಾಣೆಕಲ್ಲಿನ ಮೇಲೆ ಏನೋ ತೇಯುತ್ತಿದ್ದರು. ಮಕ್ಕಳಿಗೆ ನೆಕ್ಕಿಸುವ ಬಜೆ ಬೇರು ಎಂದುಕೊಂಡೆ. ಬಜೆ ಕಪ್ಪಗಿರುವುದಿಲ್ಲ.

“ಏನ್ರಿ ಅತ್ತಿ ಅದು?”

“ಅಫೀಮು” ಎಂದರು. ಬೆಲ್ಲ ಎಂದಷ್ಟೇ ಸಲೀಸಾಗಿ. “ಸಾಸಿವಿ ಕಾಳಿಗಿಂತ ಸಣ್ಣದು. ಮೊದಲ ನೀ ಹೊರಗ ಹೋದಾಗ ಅಷ್ಟ, ಈಗ ದಿನಾ. ನಿನ್ನ ಗಂಡಗೂ ಹಾಕೀನಿ. ವಕೀಲ ಆಗಲಿಲ್ಲೇನು?”

ಕೂಸನ್ನು ಕಿತ್ತುಕೊಂಡೆ. ಏನೇನು ಅಂದೆನೋ. ನನ್ನ ಮಗಳನ್ನು ಕೊಲ್ಲುತ್ತಿದ್ದೀರಿ ಎಂದೂ ಅಂದೆ. ಅವರು ದನಿ ಏರಿಸಲಿಲ್ಲ.

“ಹತ್ತಿ ಬಿಡಸಾಕ ಹೋಗಾಕಿ ಕೂಸಿಗೆ ಹಾಕಿ, ಗಿಡಕ್ಕ ಜೋಳಗಿ ಕಟ್ಟಿ ಹೋಗ್ತಾಳ. ನೀ ಕ್ಲಬ್ಬಿಗೆ ಹೋಗಾಕಿ. ಎರಡೂ ಹೊರಗಿನ ಕೆಲಸಾನ.”

ಅಫೀಮಿನ ಉಂಡೆಯನ್ನು, ತೇದದ್ದನ್ನು, ಎಲ್ಲ ಬಚ್ಚಲಿಗೆ ಹಾಕಿ ನೀರು ಸುರಿದೆ. ಇವರು ಬಂದ ಮೇಲೆ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ನಾನು ಅವ್ವನನ್ನು ಕೇಳಿರಲಿಲ್ಲ ಎಂದರು. ಕೇಳದಿರುವುದು ಗೊತ್ತಿಲ್ಲದಿರುವುದೇ? ಕೋರ್ಟಿನಲ್ಲಿ ಇದಕ್ಕೆ ಏನೆನ್ನುತ್ತಾರೋ.

ಹಾಗಾದರೆ ನಾನು ಕಾರಣವಲ್ಲ. ನನ್ನ ಮೈವಾಸನೆಯೂ ಅಲ್ಲ. ಆದರೆ ನಾನು ಹೋಗದಿದ್ದರೆ ಅವರು ಹಾಕುತ್ತಿದ್ದರೇ...

೨೫ ಡಿಸೆಂಬರ್

ನಿಲ್ಲಿಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಇಂಥ ಅಳು ನಾನು ಕೇಳಿಲ್ಲ. ಕೈಕಾಲು ನಡುಗುತ್ತವೆ. ಸೀನು, ವಾಂತಿ, ಭೇದಿ. ಮೈ ಬೆವರು. ಹಾಲು ಹಿಡಿಯುವುದಿಲ್ಲ. ಅಫೀಮಿನಲ್ಲಿ ಸುಮ್ಮನೆ ಮಲಗುತ್ತಿದ್ದವಳು ತಾಯಿಯ ಕೈಯಲ್ಲಿ ಹೀಗಾಗುತ್ತಿದ್ದಾಳೆ.

ಅತ್ತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು. ಪಕ್ಕದಲ್ಲಿ ಕೂತು ಕೂಸಿನ ಪಾದ ಉಜ್ಜುತ್ತ ಅಳುತ್ತಿದ್ದರು.

೨೬ ಡಿಸೆಂಬರ್

ಲೇಡಿ ಡಾಕ್ಟರ್ ಬಂದು ಹೋದರು. ಕ್ಲಬ್ಬಿನಲ್ಲಿ ನನ್ನ ಜೊತೆ ಹೌಸಿ ಆಡುವವರೇ. ಎಲ್ಲ ಹೇಳಿದೆ, ನಾಚಿಕೆ ಬಿಟ್ಟು. ಬಚ್ಚಲಿಗೆ ಹಾಕಿದ್ದನ್ನು ಹೇಳುವಾಗ ಮಾತ್ರ ಸ್ವಲ್ಪ ಜಂಭದಿಂದ ಹೇಳಿದೆ ಅನಿಸುತ್ತದೆ. ಅವರು ತಲೆ ಅಲ್ಲಾಡಿಸಿದರು.

“ಒಂದೇ ಸಲ ನಿಲ್ಲಿಸಬಾರದಿತ್ತಮ್ಮಾ. ದೊಡ್ಡವರಿಗೇ ತಡೆಯೋಕಾಗಲ್ಲ. ಇನ್ನು ಇದು ಕೂಸು.”

ಸಣ್ಣ ಸೀಸೆ ಕೊಟ್ಟರು. ಅದರಲ್ಲೂ ಅದೇ ಇದೆಯಂತೆ, ಬಹಳ ತೆಳು. ಹನಿ ಎಣಿಸಿ ಕೊಡಬೇಕು, ದಿನದಿನಕ್ಕೆ ಇಳಿಸುತ್ತ ಬರಬೇಕು. ಬೇರೆ ಯಾರೂ ಮುಟ್ಟಬಾರದು, ನೀವೇ ಕೊಡಿ ಎಂದರು. ನಾನೇ.

ಅತ್ತೆ ಸೀಸೆ ಎತ್ತಿ ಮೂಸಿ ನೋಡಿದರು. “ಸೀಸೆದಾಗಿದ್ರ ಔಷಧ. ನನ್ನ ಸೆರಗಿನಾಗಿದ್ರ ವಿಷ” ಎಂದು ಕೆಳಗಿಟ್ಟರು.

ಹನಿ ಎಣಿಸಿ ಕೊಟ್ಟೆ. ನನ್ನ ಕೈಯಿಂದಲೇ ಕೊಟ್ಟೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ದೇವರೇ, ಎಷ್ಟು ನೆಮ್ಮದಿಯಾಯಿತು ನನಗೆ. ಅದೇ ಹೆದರಿಕೆ.

೪ ಜನವರಿ ೧೯೫೧

ಹನಿ ಇಳಿಯುತ್ತಿದೆ. ರಾತ್ರಿ ಅಳು ಇದೆ, ಆದರೆ ಬರೀ ಹಸಿವಿನ ಅಳು. ಮೊಲೆಯನ್ನು ಗಟ್ಟಿ ಹಿಡಿಯುತ್ತಾಳೆ. ಇವತ್ತು ನನ್ನ ಮೂಗುತಿ ಎಳೆದು ನಕ್ಕಳು. ನನ್ನನ್ನೇ ನೋಡಿ ನಕ್ಕಳು, ಗೋಡೆಯನ್ನಲ್ಲ.

ಅತ್ತೆಯೂ ನೋಡಿದರು. “ನಿಮ್ಮಪ್ಪ ಇಷ್ಟು ದಿವಸಕ್ಕ ನಗ್ತಿದ್ದಿಲ್ಲ ನೋಡು” ಎಂದು ಕೂಸಿಗೇ ಹೇಳಿ, ಅಷ್ಟಕ್ಕೇ ನಿಲ್ಲಿಸಿ ಎದ್ದು ಹೋದರು.

೯ ಜನವರಿ

ನಿನ್ನೆಗೆ ಔಷಧ ಮುಗಿಯಿತು. ಇನ್ನು ಏನೂ ಬೇಡ ಎಂದು ಡಾಕ್ಟರ್ ಹೇಳಿದರು. ಅತ್ತೆ ಕೇಳದೆಯೇ ಬಂದು ನನ್ನ ಕೈ ಹಿಡಿದರು. “ಕುರುಗೋಡು ಬಸವಣ್ಣನ ಆಣಿ, ಇನ್ನ ಅದನ್ನ ಮನಿಯಾಗ ತರಾಂಗಿಲ್ಲ.” ಅವರು ಸುಮ್ಮನೆ ಆಣೆ ಮಾಡುವವರಲ್ಲ. ನಂಬಿದೆ.

ನಂಬಿದೆನೇ? ಮಧ್ಯಾಹ್ನ ಅವರು ಸ್ನಾನಕ್ಕೆ ಹೋದಾಗ ಅವರು ಬಿಚ್ಚಿಟ್ಟ ಸೀರೆಯ ಸೆರಗಿನ ಗಂಟು ಬಿಚ್ಚಿ ನೋಡಿದೆ. ಎಲೆ, ಅಡಿಕೆ. ಮತ್ತೆ ಹಾಗೇ ಗಂಟು ಕಟ್ಟಿದೆ. ಅವರು ಕಟ್ಟುವ ಹಾಗೆ ಬರಲಿಲ್ಲ. ನೋಡಿ ತಿಳಿದುಕೊಂಡಿರುತ್ತಾರೆ.

೧೩ ಜನವರಿ, ಶನಿವಾರ ಸಂಜೆ

ಭೋಗಿ. ಕ್ಲಬ್ಬಿನಲ್ಲಿ ಹಬ್ಬದ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಅತ್ತೆಯೇ ತಟ್ಟಿ ಬುಟ್ಟಿಗೆ ಕಟ್ಟಿಟ್ಟಿದ್ದಾರೆ. ಹೋಗುವುದಿಲ್ಲ ಎಂದಿದ್ದೆ. ಎಷ್ಟು ದಿನ ಹೀಗೆ ಕಾವಲು ಕೂರುತ್ತೀ, ಅವ್ವನ ಮನಸ್ಸಿಗೂ ಹತ್ತುತ್ತದೆ ಎಂದು ಇವರು ಹೇಳಿದರು. ನಿಜ. ಡಾಕ್ಟರೂ ಬನ್ನಿ ಅಂದಿದ್ದಾರೆ. ನನಗೂ ಮನಸ್ಸಿದೆ, ಸುಳ್ಳೇಕೆ?

ಪಟ್ಟೆ ಸೀರೆ ಉಟ್ಟಿದ್ದೇನೆ. ಹಾಲು ಕುಡಿಸಿದೆ. ಅತ್ತೆ ಕೈ ಚಾಚಿದರು, ಕೊಟ್ಟೆ. ಕೊಡುವಾಗ ಅವರ ಅಂಗೈ ನೋಡಿದೆ. ನೋಡಿದ್ದನ್ನು ಅವರೂ ನೋಡಿದರು. ಅಂಗೈ ಬಿಚ್ಚಿ ಹಿಂದೆ ಮುಂದೆ ತಿರುವಿ ತೋರಿಸಿ, ಕೂಸನ್ನು ಎತ್ತಿಕೊಂಡು ಒಳಗೆ ಹೋದರು.

ಜಟಕಾ ಬಂದು ನಿಂತಿದೆ. ಇವರು ಕರೆಯುತ್ತಿದ್ದಾರೆ. ಒಳಗೆ ಅಂಬಮ್ಮ ಜೋರಾಗಿ ಅಳುತ್ತಿದ್ದಾಳೆ. ಅಳಲಿ. ಈ ಅಳು ಕೇಳಿದರೆ ಈಗ ಧೈರ್ಯ ಬರುತ್ತದೆ. ಅಳುತ್ತಿರುವವರೆಗೆ ಏನೂ ಆಗಿಲ್ಲ. ಎರಡು ಸಾಲು ಬರೆದು ಎದ್ದುಬಿಡುತ್ತೇನೆ, ತೊಟ್ಟಿಲು ತೂಗುವ ಸದ್ದು, ಅತ್ತೆಯ ಜೋಗುಳ, ಇವರ ಎರಡನೇ ಕೂಗು —

ಅಳು ನಿಂತಿತು.

ಇಷ್ಟು ಬೇಗ...