ಅಕ್ಕನ ಸ್ಕೂಟರ್ ನಿಂತ ಮಧ್ಯಾಹ್ನ

ಕ್ರೋಂಪೇಟೆ, ಚೆನ್ನೈ
೧೬ ಫೆಬ್ರವರಿ ೨೦೨೫

ಪ್ರೀತಿಯ ರತ್ನಕ್ಕನಿಗೆ ರಘು ಮಾಡುವ ನಮಸ್ಕಾರಗಳು.

ಈ ವಾರ ನೀನು ಮೂರು ಸಲ ಫೋನು ಮಾಡಿದೆ, ಮೂರು ಸಲವೂ ನಾನು ಎತ್ತಲಿಲ್ಲ. ಮೀಟಿಂಗಿನಲ್ಲಿದ್ದಾರೆ ಅಂತ ಹೆಂಡತಿ ನಂದಿತಾ ಕೈಲಿ ಹೇಳಿಸಿದ್ದು ಸುಳ್ಳು. ನಿನ್ನ ದನಿ ಕೇಳುವ ಧೈರ್ಯವಿರಲಿಲ್ಲ. ಕಾಗದ ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ಕೆಟ್ಟಿದೆ, ಬೈಕೋಬೇಡ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಗೆ ಏನು ಬರೆಯಲಿ ಅಂತ ಸಂಹಿತಾಳನ್ನು ಕೇಳಿದರೆ, "ಸ್ಕೂಟರ್‌ಲ ರೌಂಡು ಕೂಟ್ಟಿಟ್ಟು ಪೋಗ ಸೊಲ್ಲುಂಗಪ್ಪಾ" ಅಂದಳು. ರಜೆಯಲ್ಲಿ ನಿನ್ನ ಸ್ಕೂಟರಿನಲ್ಲಿ ಒಂದು ಸುತ್ತು ಹೋಗಬೇಕಂತೆ. ನಾನು ಮಾತು ಬದಲಾಯಿಸಿದೆ.

ಆಶಾ ಕಾರ್ಯಕರ್ತೆಯ ಕೆಲಸಕ್ಕೆ ನೀನು ಮನೆಮನೆ ನಡೆದು ಸವೆಯುವುದನ್ನು ನೋಡಲಾರದೆ ಅದನ್ನು ಕೊಡಿಸಿದೆ. ಪೆಟ್ರೋಲ್ ಬಂಕು ಹದಿನಾಲ್ಕು ಕಿಲೋಮೀಟರ್ ದೂರವಿರುವ ಊರಿಗೆ ಕರೆಂಟಿನ ಗಾಡಿಯೇ ಸರಿ ಅಂತ ಅರಳಿಕಟ್ಟೆಯಲ್ಲಿ ಭಾಷಣ ಬಿಗಿದವನೂ ನಾನೇ. "ಸದ್ದೇ ಇಲ್ವಲ್ಲ, ಇದೂ ಒಂದ್ ಗಾಡಿಯಾ?" ಅಂತ ನಕ್ಕಿದ್ದ ಪಕ್ಕದ ಮನೆಯ ಹನುಮಂತಯ್ಯ ಮಾವ, ಆರು ತಿಂಗಳಲ್ಲಿ ಮಗನಿಗೂ ಅಂಥದ್ದೇ ಬೇಕು ಅಂದರು.

ಅದೇ ಮಾವನಿಗೆ ಆವತ್ತು ಮಧ್ಯಾಹ್ನ ಬಾಯಿ ಸೊಟ್ಟಗಾಯಿತು. ಆಂಬ್ಯುಲೆನ್ಸ್ ಬರಲು ಒಂದು ಗಂಟೆ ಅಂದಾಗ, ನೀನು ಅವರನ್ನು ನಡುವೆ ಕೂರಿಸಿ, ಹಿಡಿದುಕೊಳ್ಳಲು ಅವರ ಸೊಸೆಯನ್ನು ಹಿಂದೆ ಹತ್ತಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟೆ. ಮೇಕೆ ಹಿಂಡು ದಾಟಲಿ ಅಂತ ನಿಲ್ಲಿಸಿದ ಗಾಡಿ ಮತ್ತೆ ಹೊರಡಲಿಲ್ಲ. ಟೊಮೆಟೊ ಟೆಂಪೋ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಮಾವನ ಜೀವ ಉಳಿಯಿತು, ಮಾತು ಹೋಯಿತು. ಬೇಗ ಕರೆತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಅಂತ ಡಾಕ್ಟರು ಹೇಳಿದ್ದನ್ನು ಭಾವ ಹೇಳಿದರು.

"ರತ್ನಿ ಚಾರ್ಜು ಹಾಕದೇ ಮರ್ತವ್ಳೆ" ಅಂತ ಊರೆಲ್ಲ ಅನ್ನುತ್ತಿದೆಯಂತೆ. ಮಾವನ ಮನೆಯವರು ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾರಂತೆ. ಕರೆಂಟಿನ ಗಾಡಿ ಬುಕ್ ಮಾಡಿದ್ದ ಇಬ್ಬರು ಮತ್ತೆ ಪೆಟ್ರೋಲ್ ಗಾಡಿಗೇ ಹೋದರಂತೆ. ನೀನು ನಂದಿತಾಳ ಹತ್ತಿರ, "ಹಾಕಿದ್ದೆ ಅನ್ನೋ ಜ್ಞಾಪಕ ಕಣಮ್ಮ, ನನ್ ತಲೇನೇ ಸರಿಯಿಲ್ವೇನೋ" ಅಂತ ಕಣ್ಣೀರಿಟ್ಟೆಯಂತೆ. ನಿನ್ನ ತಲೆ ಸರಿಯಾಗಿದೆ ಅಕ್ಕ. ಯಾರ ಹತ್ತಿರವೂ ತಪ್ಪಾಯ್ತು ಅನ್ನಬೇಡ.

ಭಾವನಿಗೆ ನಮಸ್ಕಾರ ತಿಳಿಸು. ಚಿಕ್ಕವನು ದೊಡ್ಡವರನ್ನು ಹರಸಬಾರದು, ಆದರೂ ನಿನಗೆ ಒಳ್ಳೆಯದಾಗಲಿ ಅಂತ ಬರೆಯುತ್ತಿದ್ದೇನೆ.

ನಿನ್ನ ತಮ್ಮ,
ರಘು

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಗಾಡಿ ನನ್ನ ಹೆಸರಿನಲ್ಲಿದೆ. ಅದು ಎಲ್ಲಿ ಓಡುತ್ತಿದೆ ಅಂತ ನನ್ನ ಫೋನಿನಲ್ಲಿ ಕಾಣುತ್ತದೆ, ಕಳುವಾದರೆ ಇಲ್ಲಿಂದಲೇ ಬೀಗ ಹಾಕಬಹುದು. ನಿನಗೆ ಹೇಳಿರಲಿಲ್ಲ. ಆವತ್ತು ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ, ನಿನ್ನ ದಿನದ ದಾರಿ ಬಿಟ್ಟು ಗಾಡಿ ಜೋರಾಗಿ ಹೋಗುತ್ತಿದೆ ಅಂತ ಮೆಸೇಜು ಬಂತು. ಎರಡು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಯಾರೋ ಕದ್ದರು ಅಂದುಕೊಂಡು ಬೀಗ ಒತ್ತಿದೆ. ಓಡುವ ಗಾಡಿಯನ್ನು ಅದು ತಡೆಯುವುದಿಲ್ಲ, ಒಮ್ಮೆ ನಿಂತರೆ ಚಾರ್ಜು ತೋರಿಸುವ ಪರದೆಯನ್ನೂ ಆರಿಸಿ, ಮತ್ತೆ ಹೊರಡಲು ಬಿಡುವುದಿಲ್ಲ. ಒತ್ತಿ, ಮೊಸರನ್ನ ತಿಂದು ಮುಗಿಸಿದೆ. ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತೊಂದು ಇತ್ತು. ಸಂಜೆ ನೀನು ಅಳುತ್ತಾ ಫೋನು ಮಾಡಿದಾಗ, ಎಲ್ಲ ಗೊತ್ತಿದ್ದೂ, "ಚಾರ್ಜು ನೋಡ್ಕೊಂಡು ಹೊರಡಬಾರದಾ ಅಕ್ಕ?" ಅಂತ ಮೊದಲು ಕೇಳಿದವನು ನಾನು. ಭಾವ ಗಾಡಿ ತಂದು ಚಾರ್ಜಿಗೆ ಹಾಕುವವರೆಗೆ ಕಾದು, ಆಮೇಲೆ ಬೀಗ ತೆಗೆದೆ. ಶನಿವಾರ ಬರುತ್ತೇನೆ. ಅಷ್ಟರೊಳಗೆ ಈ ಕಾಗದವನ್ನು ಮಾವನ ಮನೆಯಲ್ಲಿ ಗಟ್ಟಿಯಾಗಿ ಓದಿಸು. ತಮ್ಮ ಅಂತ ಮುಚ್ಚಿಡಬೇಡ.