ನಮ್ಮ ಮನೆಯ ಪದ್ಧತಿ

ಮಾರ್ಚ್ ೪, ಮಧ್ಯಾಹ್ನ

ಕುರ್ಚಿಗಳನ್ನು ಒರೆಸಿ ಆಯಿತು. ಒಂದರ ಕಾಲು ಅಲ್ಲಾಡುತ್ತದೆ — ಅದು ಎಂದಿನಂತೆ ನನಗೆ. ಸಂಜೆಗೆ ನಾಲ್ವರು ಅತಿಥಿಗಳು. ಅವರ ಹೆಸರುಗಳನ್ನು ದಪ್ಪ ಕಾಗದದ ಮೇಲೆ ಬರೆದು ತಟ್ಟೆಗಳ ಮುಂದಿಡುವ ಕೆಲಸ ನನ್ನದು. ಜೀವಮಾನವಿಡೀ ಕಚೇರಿಯಲ್ಲಿ ಅನ್ಯರ ಅರ್ಜಿಗಳನ್ನು ಶುದ್ಧ ಪ್ರತಿ ಮಾಡಿದ ಕೈ. ಇನ್ನೂ ನಡುಗಿಲ್ಲ. ಇದನ್ನು ಹೆಮ್ಮೆಯಿಂದಲೇ ನಮೂದಿಸುತ್ತೇನೆ.

ಈ ಏರ್ಪಾಡು ಮಗಳದು. ಗಂಡನಿಂದ ಬೇರೆಯಾಗಿ ನಮ್ಮಲ್ಲಿಗೆ ಬಂದ ಮೇಲೆ ಆರಂಭಿಸಿದಳು. ಪ್ರವಾಸದ ಕಂಪನಿಯವರು ದೇಶದೇಶಗಳ ಜನರನ್ನು ಕಳುಹಿಸುತ್ತಾರೆ. ಬಂದವರು ನನ್ನ ಹೆಂಡತಿಯ ಪಕ್ಕ ನಿಂತು ಅಡುಗೆ ಮಾಡಬೇಕು, ತಮ್ಮ ನಾಡಿನದೊಂದನ್ನು ಅವಳಿಗೆ ಕಲಿಸಬೇಕು, ಆಮೇಲೆ ಎಲ್ಲರೂ ಕೂಡಿ ಊಟ. ಇವಳು ಈ ಊರಿನ ಬಸ್ ನಿಲ್ದಾಣ ದಾಟಿದ್ದೇ ಅಪರೂಪ. ಆದರೂ ಎಲ್ಲಿ ಮೀನನ್ನು ಹೊಗೆಯಲ್ಲಿ ಒಣಗಿಸುತ್ತಾರೆ, ಎಲ್ಲಿ ಹಿಟ್ಟು ನಾದುವಾಗ ಹಾಡಲೇಬೇಕು, ಎಲ್ಲಿ ಬ್ರೆಡ್ಡಿಗೆ ಚಾಕು ತಾಗಿಸಿದರೆ ಮನೆಯ ಹಿರಿಯರು ಮುನಿಯುತ್ತಾರೆ — ಎಲ್ಲವೂ ಗೊತ್ತು. ಅನ್ಯ ಭಾಷೆ ಒಂದೂ ಬಾರದು. ನಮ್ಮ ಮಾತಿನಲ್ಲೇ ಒಂದೇ ಸಮನೆ ಹೇಳುತ್ತಿರುತ್ತಾಳೆ. ಅವರು ತಲೆಯಾಡಿಸುತ್ತಾರೆ. ಈರುಳ್ಳಿ ಮಾತ್ರ ಹೇಗೋ ಅವಳು ಹೇಳಿದಂತೆಯೇ ಹೆಚ್ಚಿರುತ್ತಾರೆ.

ನನ್ನನ್ನು ಅತಿಥಿಗಳಿಗೆ ಪರಿಚಯಿಸುವ ಕ್ರಮವೂ ಅವಳದೇ. “ಇವರು ನಮ್ಮನೆಯವರು. ಇವರು ಮಾತಾಡಿದ್ರೆ ಕೊನೇಲಿ ಸೀಲು ಒತ್ತಬೇಕು.” ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ.

ಮಾರ್ಚ್ ೫

ನಿನ್ನೆ ಊಟ ಸಾಂಗವಾಯಿತು. ಒಂದು ವಿಷಯ ಮಾತ್ರ... ಚಿಕ್ಕಂದಿನಲ್ಲಿ ತನ್ನ ಶಾಲೆಯೊಳಗೆ ಆಡು ನುಗ್ಗಿದ ಕಥೆಯನ್ನು ಇವಳು ಹಿಟ್ಟು ಕಲಸುವಾಗ ಹೇಳಿದಳು. ಬದನೆಕಾಯಿ ಹುರಿಯುವಾಗ ಹೇಳಿದಳು. ಬಡಿಸುವಾಗ ಮತ್ತೆ. ಪ್ರತಿ ಸಲವೂ ಹೊಸದೆಂಬಂತೆ. ಅತಿಥಿಗಳು ಮರ್ಯಾದೆಗೆ ಮೂರನೆಯ ಸಲವೂ ನಕ್ಕರು.

ಪಾತ್ರೆ ತೊಳೆಯುತ್ತಾ ಮಗಳು ಮಾತು ತೆಗೆದಳು. “ಅಪ್ಪ, ಅಮ್ಮ ಒಂದೇ ಕಥೆ ಮತ್ತೆ ಮತ್ತೆ ಹೇಳಿದ್ಳು, ನೋಡಿದ್ರಾ?”

“ಕಥೆ ಚೆನ್ನಾಗಿದೆ. ಅದಕ್ಕೆ ಹೇಳಿದ್ಳು” ಎಂದೆ.

ಅವಳು ಮುಂದಿನ ಪಾತ್ರೆ ಎತ್ತಿಕೊಂಡಳು.

ಮಾರ್ಚ್ ೧೧

ನಡೆದುದನ್ನು ಕ್ರಮವಾಗಿ ಬರೆಯುತ್ತೇನೆ.

ಇಂದು ಬಂದವರಲ್ಲಿ ಒಬ್ಬಾಕೆ, ನಡುವಯಸ್ಸಿನವಳು, ವೃತ್ತಿಯಿಂದ ಕುಂಬಾರಳು. ಗಂಡ ಬರಲಿಲ್ಲವೇ ಎಂದು ಇವಳು ಒಲೆಯ ಬಳಿ ಮಗಳ ಮೂಲಕ ವಿಚಾರಿಸಿದಳು. ತೀರಿಕೊಂಡನೆಂದೂ ಇಬ್ಬರೂ ಸೇರಿ ಮಾಡಬೇಕೆಂದಿದ್ದ ಪ್ರವಾಸವನ್ನು ಈಗ ಒಬ್ಬಳೇ ಮಾಡುತ್ತಿರುವುದಾಗಿಯೂ ಆಕೆ ಹೇಳಿದಳು. ಇವಳು ಒದ್ದೆ ಕೈಯಲ್ಲೇ ಆಕೆಯ ತಲೆ ಸವರಿದಳು. ಬಹಳ ಸೊಗಸಾಗಿ ಸವರಿದಳು. ಮೇಜಿಗೆ ಬಂದು ಕುಳಿತ ಮೇಲೆ, ಬಡಿಸುತ್ತಾ, ಅಷ್ಟೇ ಅಕ್ಕರೆಯಿಂದ — ನಿಮ್ಮ ಗಂಡ ಬರಲಿಲ್ಲವೇ?

ಮಗಳು ಅನುವಾದಿಸಲಿಲ್ಲ. ಆದರೆ ಆಕೆಗೆ ಪ್ರಶ್ನೆಯ ದನಿ ನೆನಪಿತ್ತು. ಚಮಚ ಕೆಳಗಿಟ್ಟು ಅತ್ತಳು. ಇವಳು ಗಾಬರಿಯಾಗಿ, ಏನಾಯಿತೆಂದು ಮತ್ತೆ ಅದನ್ನೇ ಕೇಳಲು ಬಾಯಿ ತೆರೆದಳು.

ಎದ್ದು ನಿಂತೆ. ಅರ್ಜಿಗಳಿಂದ ಕಲಿತ ಇಂಗ್ಲಿಷಿನಲ್ಲಿ, ಸಾವಕಾಶವಾಗಿ, ಈ ಮನೆಯಲ್ಲಿ ತಲೆಮಾರುಗಳಿಂದ ಒಂದು ಪದ್ಧತಿ ನಡೆದುಬಂದಿದೆ ಎಂದೆ. ಮೊದಲ ಪದಾರ್ಥ ಬಡಿಸಿದಾಗಿನಿಂದ ಕೈ ತೊಳೆಯುವವರೆಗೆ ಯಾರೂ ಮಾತನಾಡತಕ್ಕದ್ದಲ್ಲ. ಉಣ್ಣುವವರು ತಮ್ಮ ಅಗಲಿದವರನ್ನು ಆ ಹೊತ್ತಿನಲ್ಲಿ ನೆನೆಯತಕ್ಕದ್ದು.

ಎಲ್ಲಿಂದ ಬಂತೋ ತಿಳಿಯದು. ಬಂತು.

ಕುಂಬಾರಳು ಕಣ್ಣೊರೆಸಿಕೊಂಡಳು. ಉಳಿದವರು ತಲೆ ತಗ್ಗಿಸಿದರು. ಇವಳು ನನ್ನನ್ನೇ ನೋಡಿದಳು — ಇದೇನಪ್ಪಾ ಹೊಸದು ಎಂಬಂತೆ. ಆದರೆ ನಾಲ್ವರ ಮುಂದೆ ನನ್ನ ಮಾತನ್ನು ಅವಳು ಎಂದೂ ತೆಗೆದುಹಾಕಿದವಳಲ್ಲ. ಸುಮ್ಮನಾದಳು.

ಮಾರ್ಚ್ ೧೩

ಕಂಪನಿಯ ಮೇಡಂ ಫೋನು. ಕುಂಬಾರಳು ತನ್ನ ಇಡೀ ಪ್ರವಾಸದಲ್ಲಿ ಇಂಥ ಊಟ ಉಂಡಿರಲಿಲ್ಲವೆಂದು ಬರೆದಿದ್ದಾಳಂತೆ. ಇಷ್ಟು ಒಳ್ಳೆಯ ಪದ್ಧತಿಯನ್ನು ಇಷ್ಟು ದಿನ ಏಕೆ ಮುಚ್ಚಿಟ್ಟಿರಿ, ಎಷ್ಟು ಹಳೆಯದು ಎಂದು ಕೇಳಿದರು. ನನ್ನ ಅಜ್ಜನಿಂದ ನಡೆದುಬಂದದ್ದು ಎಂದೆ. ಅದರ ಉದ್ದೇಶವನ್ನು ವಿವರಿಸಿ ಒಂದು ಪುಟ ಬರೆದುಕೊಡಲು ಒಪ್ಪಿದೆ. ಬರೆದೂ ಆಯಿತು. ಚೆನ್ನಾಗಿ ಬಂದಿದೆ.

ಮಗಳು ಓದಿದಳು. “ಅಪ್ಪ, ಇದ್ಯಾವ ಮುತ್ತಾತ? ತಾತ ಊಟಕ್ಕೆ ಕೂತ್ರೆ ಬೀದಿ ಕೊನೆವರೆಗೂ ಕೇಳಿಸ್ತಿತ್ತು.”

ಇವಳು ಒಳಗಿನಿಂದ, “ಕೇಳಿಸೋದೇನು, ಆಚೆ ಮನೆಯೋರು ಉತ್ತರ ಕೊಡ್ತಿದ್ರು” ಎಂದಳು. ಮೂವರೂ ನಕ್ಕೆವು. ಇಷ್ಟು ಚುರುಕಾಗಿರುವವಳಿಗೆ ಏನಾಗಿದೆ? ಏನೂ ಆಗಿಲ್ಲ.

ಏಪ್ರಿಲ್ ೨

ಬುಕಿಂಗ್ ತುಂಬಿದೆ. ಬರುವವರು ಈಗ ಪದ್ಧತಿಯನ್ನೇ ಕೇಳಿಕೊಂಡು ಬರುತ್ತಾರೆ. ಕೆಲವರು ಅಡುಗೆಯ ಹೊತ್ತೂ ಮೌನವಿರಲಿ ಎಂದರು. ಅದನ್ನೂ ಸೇರಿಸಿದೆ. ಒಳಗೆ ಹೆಚ್ಚುವ ಸದ್ದು, ಎಣ್ಣೆಯ ಸದ್ದು ಮಾತ್ರ. ಅವಳು ಕೈಸನ್ನೆಯಲ್ಲಿ ತೋರಿಸುತ್ತಾಳೆ, ಅವರು ಮಾಡುತ್ತಾರೆ. ಯಾವ ಪ್ರಶ್ನೆಯೂ ಎರಡು ಸಲ ಬೀಳುವುದಿಲ್ಲ. ಯಾರ ಕಣ್ಣಲ್ಲೂ ಅವಳು ಕಡಿಮೆಯಾಗುವುದಿಲ್ಲ. ನನಗೆ ಬೇಕಿದ್ದುದು ಅಷ್ಟೆ.

ಇಂದು ಒಬ್ಬ ನೂಡಲ್ಸ್ ಮಾಡಿದ. ಅವನ ನಾಡಿನಲ್ಲಿ ಅದನ್ನು ಸೊರ್ರೆಂದು ಎಳೆದು ತಿನ್ನುವುದೇ ಅಡುಗೆಯವರಿಗೆ ತೋರುವ ಮರ್ಯಾದೆಯಂತೆ. ಮಾತಲ್ಲವಲ್ಲ, ಮಾಡಬಹುದೇ ಎಂದು ಮುಂಚೆಯೇ ಕೇಳಿದ. ಅನುಮತಿಸಿದೆ. ಅವನು ಎಳೆದ. ಅವಳಿಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ನಕ್ಕಳು. ಏನೋ ಹೇಳಲು ಅವನತ್ತ ತಿರುಗಿದಳು.

ಕೆಮ್ಮಿದೆ.

ತುಟಿ ಮುಚ್ಚಿಕೊಂಡಳು.

ಮೇ ೧೯

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ.

ಅತಿಥಿಗಳಿಲ್ಲದ ದಿನವೂ ಇವಳು ಮಾತಾಡುತ್ತಿಲ್ಲ. ಬೆಳಿಗ್ಗೆ ಸೌಟು ಬೇಕಿತ್ತು. “ಅದು...” ಎಂದು ನಿಂತಳು. ಮೊದಲಾದರೆ, ಅದೇ ರೀ, ಉದ್ದ ಕೈಯದು, ನಿಮ್ಮ ಅಕ್ಕನ ಮೂಗಿನ ಹಾಗಿರೋದು, ಎಂದು ಸುತ್ತಿ ಬಳಸಿ ಹೇಳಿಬಿಡುತ್ತಿದ್ದಳು. ಇಂದು ಹೇಳುವುದನ್ನೇ ಬಿಟ್ಟಳು. ಕೈಯಲ್ಲಿ ತೋರಿಸಿ ಕಾದಳು.

ವೈದ್ಯರಲ್ಲಿಗೆ ಕರೆದೊಯ್ಯೋಣವೆಂದು ಮಗಳು ಹಟ ಹಿಡಿದಿದ್ದಾಳೆ. ಆಯಾಸ, ಬೇರೇನಲ್ಲ ಎಂದೆ. ಕೇಳದೆ ಇರುವುದನ್ನು ಅರ್ಜಿಯಲ್ಲಿ ಹೇಳಬಾರದು — ನಮ್ಮ ಕಚೇರಿಯ ಕ್ರಮ ಅದು. ಕೇಳಿದ ಮೇಲೂ ಹೇಳದಿರುವುದು ನನ್ನ ಕ್ರಮ.

ಜೂನ್ ೭

ನನ್ನನ್ನು ಕೇಳದೆಯೇ ತಾಯಿ-ಮಗಳು ವೈದ್ಯರಲ್ಲಿಗೆ ಹೊರಟರು. ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆಯೇ ಹೋದೆ.

ವೈದ್ಯೆ ಚಿಕ್ಕ ವಯಸ್ಸಿನವಳು, ಅವಸರವಿಲ್ಲದವಳು. ಇವಳಿಗೆ ಪೆನ್ನು ತೋರಿಸಿ ಏನೆಂದು ಕೇಳಿದಳು. ಗಡಿಯಾರ ಬರೆಯಲು ಹೇಳಿದಳು. ಇವಳು ದುಂಡಗೆ ಗೆರೆ ಎಳೆದು, ನಡುವೆ ಒಂದು ಎಲೆ ಬರೆದು, ನನ್ನತ್ತ ನೋಡಿದಳು. ಸರಿಯಿದೆಯೇ ಎಂಬಂತೆ. ತಲೆಯಾಡಿಸಿದೆ.

ಕಾಯಿಲೆ ಬರುವುದು ಬಂದಿದೆ, ಯಾರ ತಪ್ಪೂ ಅಲ್ಲ ಎಂದಳು ವೈದ್ಯೆ. ಮನೆಯಲ್ಲಿ ಮಾತುಕತೆ ಹೇಗೆ ಎಂದು ವಿಚಾರಿಸಿದಳು.

“ಮಾತಾಡಿಸ್ತಾ ಇರಿ. ಹರಟೆ, ಹಾಡು, ಜಗಳ, ಏನಾದ್ರೂ ಸರಿ. ತಪ್ಪು ಹೇಳಿದ್ರೂ ಹೇಳ್ಲಿ, ಹೇಳಿದ್ದೇ ಹೇಳ್ಲಿ. ಬಳಸದೇ ಬಿಟ್ಟ ಮಾತು ವಾಪಸ್ ತರೋದು ಕಷ್ಟ.”

ಬಸ್ಸಿನಲ್ಲಿ ಇವಳು ನಮ್ಮಿಬ್ಬರ ನಡುವೆ ಕುಳಿತು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ತಲೆಯ ಮೇಲಿಂದ ಮಗಳು ಹೇಳಿದಳು, “ಬಾಯಿ ಮುಚ್ಚಿಸಿದ್ದು ಯಾರು ಅಂತ ಡಾಕ್ಟರಿಗೆ ಹೇಳ್ಲಿಲ್ಲ ನಾನು. ನಿಮ್ಮ ಪದ್ಧತೀನ ಇಂಗ್ಲಿಷಿಗೂ ತಿರುಗಿಸಿ ಜನಕ್ಕೆಲ್ಲ ಹೇಳಿದವಳು ನಾನೇ ಅಲ್ವಾ.”

ಜೂನ್ ೯

ಇಂದಿನ ಅತಿಥಿಗಳೇ ಕೊನೆಯವರು. ಅವರಿಗೆ ಮೊದಲೇ ಹೇಳಿದೆ — ಪದ್ಧತಿ ಇಂದು ಇಲ್ಲ, ದಯವಿಟ್ಟು ಮಾತನಾಡಿ. ನಸುನಕ್ಕು ತಲೆ ಬಾಗಿಸಿದರು. ತಮಗಾಗಿ ಮನೆಯ ನಿಯಮ ಸಡಿಲಿಸುತ್ತಿರುವೆನೆಂದು ತಿಳಿದರು. ಬಡಿಸಿದೊಡನೆ ಸ್ತಬ್ಧ. ಮತ್ತೆ ಬೇಡಿಕೊಂಡೆ. ಈ ಪದ್ಧತಿ ನಿಜವಲ್ಲ, ಮೂರು ತಿಂಗಳ ಹಿಂದೆ ಇದೇ ಜಾಗದಲ್ಲಿ ನಿಂತು ನಾನೇ ಹೆಣೆದದ್ದು ಎಂದೆ. ಒಬ್ಬ ಮುದುಕ, ನನ್ನ ವಯಸ್ಸಿನವನೇ, ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಗೌರವದಿಂದ ನೋಡಿದ. ಒಂದು ಮಾತೂ ಆಡದೆ ಉಂಡು ಎದ್ದರು.

ಇಷ್ಟು ವರ್ಷ ಬೇರೆಯವರ ಸುಳ್ಳನ್ನು ಅಂದವಾಗಿ ಬರೆದುಕೊಟ್ಟಿದ್ದೇನೆ. ಒಂದೂ ಇಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ.

ಜೂನ್ ೩೦

ಮಗಳು ಬೇರೆ ಕೆಲಸ ಹುಡುಕಿಕೊಂಡಿದ್ದಾಳೆ. ಹಗಲಿಡೀ ನಾವಿಬ್ಬರೇ. ಪತ್ರಿಕೆ ಓದಿ ಹೇಳುತ್ತೇನೆ. ಹಾಡಲು ಬಾರದಿದ್ದರೂ ಹಾಡಿದೆ. ಕೇಳುತ್ತಾಳೆ. ಮಾತಿಲ್ಲ.

ಜಗಳವೂ ಆದೀತು ಎಂದಿದ್ದಳಲ್ಲ ವೈದ್ಯೆ. ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿ, ಇದೇನಡುಗೆ, ಬಾಯಿಗಿಡಲಾಗುವುದಿಲ್ಲ ಎಂದೆ. ಒಂದು ಕಾಲಕ್ಕೆ ಇಷ್ಟೇ ಸಾಕಿತ್ತು — ನನ್ನ ತಾಯಿಯಿಂದ ಹಿಡಿದು ನನ್ನ ಸಂಬಳದವರೆಗೆ ಎಲ್ಲ ಹೊರಬರುತ್ತಿತ್ತು. ಕಾದೆ. ಬೈಯಲಿ ಎಂದು ಕಾದೆ.

ತಟ್ಟೆಯನ್ನು ಮೆಲ್ಲನೆ ಎತ್ತಿಕೊಂಡು ಹೋಗಿ ಚೆಲ್ಲಿದಳು. ತೊಳೆದು, ಒರೆಸಿ, ಖಾಲಿ ತಟ್ಟೆಯನ್ನು ತಂದು ನನ್ನ ಮುಂದಿಟ್ಟಳು.

ಅಡುಗೆ ಚೆನ್ನಾಗಿತ್ತು. ಹಸಿವಾಗಿತ್ತು.

ಜುಲೈ ೨೨

ಇಲ್ಲ.

ಆಗಸ್ಟ್ ೧೬, ಬೆಳಿಗ್ಗೆ

ಬರೆದಿಡಲೇಬೇಕು. ಮಾತಾಡಿದಳು.

ತಿಂಡಿಯ ಹೊತ್ತು. ಮಗಳು ಕೆಲಸಕ್ಕೆ ಹೋಗಿಯಾಗಿತ್ತು. ಎಂದಿನಂತೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ — ಹಾಲಿನವನು ತಡ ಮಾಡಿದ್ದು, ಮೆಟ್ಟಿಲ ಬಲ್ಬು ಹೋದದ್ದು, ಎದುರು ಮನೆಯವರು ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದು. ಅವಳು ಬಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಅಂಗೈಯನ್ನು ನನ್ನ ಬಾಯಿಯ ಮೇಲಿಟ್ಟಳು. ಒತ್ತಲಿಲ್ಲ. ಹೊಸಬರಿಗೆ ತಿಳಿಹೇಳುವಂತೆ, ನಯವಾಗಿ. ಬಗ್ಗಿ, ಪಿಸುದನಿಯಲ್ಲಿ:

“ಮಾತಾಡ್ಬೇಡಿ. ನಮ್ಮನೆಯವರಿಗೆ ಆಗಲ್ಲ.”

ಇಡೀ ವಾಕ್ಯ. ಎಲ್ಲೂ ತಡವರಿಸಲಿಲ್ಲ. ಎರಡು ತಿಂಗಳಿಂದ ನಾನು ಬೇಡಿಕೊಳ್ಳುತ್ತಿದ್ದ ದನಿ.

ಕೈ ಸರಿಸಿ ಕೇಳಿದೆ, “ಯಾರಿಗೆ ಆಗಲ್ಲ?”

ಬಾಗಿಲ ಕಡೆ ಕಣ್ಣು ಹಾಯಿಸಿದಳು. ಯಾರೋ ಬರುವ ಹೊತ್ತಾಯಿತೆಂಬ ಗಾಬರಿ ಮುಖದಲ್ಲಿ. ನನ್ನ ಮೇಲೆ ಕನಿಕರವೂ ಇತ್ತು, ಎಲ್ಲಿಂದಲೋ ಬಂದವನು, ತಿಳಿಯದವನು ಎಂಬ ಕನಿಕರ. ತಟ್ಟೆಯನ್ನು ನನ್ನತ್ತ ಸರಿಸಿ, ಬೇಗ ಮುಗಿಸಿ ಎಂದು ಸನ್ನೆ ಮಾಡಿದಳು.

ನಾನೇ ಕಣೇ ಅದು, ಎನ್ನಬೇಕಿತ್ತು. ಎಂದರೆ ಆ ಗಾಬರಿ ಇನ್ನೂ ಹೆಚ್ಚೀತು. ಎನ್ನದಿದ್ದರೆ...

ಉಂಡೆ. ಅವಳು ಪಕ್ಕದಲ್ಲೇ ನಿಂತು ಬಾಗಿಲು ಕಾಯುತ್ತಿದ್ದಳು. ಈಗಲೂ ಅಲ್ಲೇ ನಿಂತಿದ್ದಾಳೆ. ಬಾ, ಕೂತ್ಕೋ ಎಂದು ಕರೆಯೋಣವೆಂದರೆ ಮಾತಾಡಬೇಕು.